ರೋಲರು ತೊಳೆಯುವ ಕೈ

ನಾನು ಸೊಸೆಯಾಗಿ ಬಂದ ಮನೆಯಲ್ಲಿ ಎರಡು ಅಡುಗೆಮನೆಗಳಿದ್ದವು. ಒಂದು ಎಲ್ಲರ ಮನೆಯಲ್ಲೂ ಇರುವಂಥದು. ಇನ್ನೊಂದು ಹಿತ್ತಿಲ ಕಡೆಯ ಕತ್ತಲೆ ಕೋಣೆ. ಅಲ್ಲಿ ಒಲೆಯ ಜಾಗದಲ್ಲಿ ಒಂದು ಕೆಂಪು ದೀಪ, ಪಾತ್ರೆಗಳ ಜಾಗದಲ್ಲಿ ಸಾಲಾಗಿ ಮೂರು ಎನಾಮಲ್ ಟ್ರೇ, ಗೂಡಿನಲ್ಲಿ ಸಾಂಬಾರ ಡಬ್ಬಿಗಳಂತೆಯೇ ಚೀಟಿ ಅಂಟಿಸಿದ ಪುಡಿಗಳ ಡಬ್ಬಿ, ಪಕ್ಕದಲ್ಲಿ ಒಂದು ಪುಟ್ಟ ತಕ್ಕಡಿ. ಸಾಗರದಲ್ಲಿ ನಮ್ಮ ಮಾವನವರಿಗೆ ಫೋಟೋ ಸ್ಟುಡಿಯೋ ಇತ್ತು. ಮುಂದೆ ಸ್ಟುಡಿಯೋ, ಹಿಂದೆ ಮನೆ. ಫೋಟೋ ತೆಗೆಯುವವರು ಮಾವ; ಬೋರ್ಡಿನ ಮೇಲೆ ಹೆಸರೂ ಅವರದೇ. ತೆಗೆದ ಫೋಟೋವನ್ನು ಕಾಗದದ ಮೇಲೆ ತರುವ ಕೆಲಸ ಮಾತ್ರ ಅತ್ತೆಯದು. ಅದಕ್ಕೆ ನಮ್ಮ ಕಡೆ ‘ಫೋಟೋ ತೊಳೆಯುವುದು’ ಎನ್ನುತ್ತಾರೆ. ಪಾತ್ರೆ ತೊಳೆಯುವುದು, ಬಟ್ಟೆ ತೊಳೆಯುವುದು, ಫೋಟೋ ತೊಳೆಯುವುದು. ಹೆಸರಿನಲ್ಲೇ ತೊಳೆಯುವುದು ಅಂತ ಇದ್ದ ಮೇಲೆ ಅದು ಯಾರ ಪಾಲಿಗೆ ಬರುತ್ತದೆಂದು ಬೇರೆ ಹೇಳಬೇಕೆ?

1978ರಲ್ಲಿ ಆ ಮನೆಗೆ ಬಂದಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅತ್ತೆಯ ಕೈ. ಬೆರಳ ಸಂದುಗಳಲ್ಲಿ ಸೀಳು, ಮಣಿಕಟ್ಟಿನವರೆಗೆ ಕೆಂಪು ದದ್ದು. ರಾತ್ರಿ ಎಲ್ಲರೂ ಮಲಗಿದ ಮೇಲೆ ಕೊಬ್ಬರಿ ಎಣ್ಣೆ ಸವರಿಕೊಂಡು, ಹಳೆಯ ಪಂಚೆಯ ತುಂಡು ಸುತ್ತಿಕೊಂಡು ಕೂರುತ್ತಿದ್ದರು. ಅರಿಸಿನ ಕುಂಕುಮಕ್ಕೆ ಕರೆದವರ ಮನೆಯಲ್ಲಿ ಅವರು ಕೈ ಚಾಚಿದರೆ ತಾಂಬೂಲವನ್ನು ಸೆರಗಿಗೇ ಹಾಕುತ್ತಿದ್ದರು. ಅದು ಗೌರವಕ್ಕಲ್ಲ, ಮುಟ್ಟದೆ ಇರುವುದಕ್ಕೆ ಎಂಬುದು ಅತ್ತೆಗೂ ಗೊತ್ತಿತ್ತು. ಬರಬರುತ್ತಾ ಅವರು ಹೋಗುವುದನ್ನೇ ಬಿಟ್ಟರು. “ಕೆಲಸ ಇದೆ ಕಣೆ, ನೀನು ಹೋಗಿ ಬಾ” ಎನ್ನುತ್ತಿದ್ದರು. ಊರಿನವರ ಬಾಯಲ್ಲಿ ಅದು ಕಜ್ಜಿ. ಮನೆಯವರ ಬಾಯಲ್ಲಿ ಅವರ ‘ಪಿತ್ತದ ಮೈ’. ಅದಕ್ಕೆ ಕಾರಣ ಗೂಡಿನಲ್ಲಿದ್ದ ಒಂದು ಡಬ್ಬಿ ಎಂದು ಯಾರಿಗೂ ಹೊಳೆದಿರಲಿಲ್ಲ.

ಆ ಡಬ್ಬಿಯ ಕಥೆ ಹೇಳಬೇಕಾದರೆ ಫೋಟೋ ತೊಳೆಯುವುದೆಂದರೆ ಏನೆಂದು ಸ್ವಲ್ಪ ಹೇಳಬೇಕು. ಫೋಟೋ ಕಾಗದದ ಮೇಲೆ ಬೆಳ್ಳಿಯ ಲವಣ ಬೆರೆತ ಜೆಲಟಿನ್ ಪದರ ಇರುತ್ತದೆ. ಬೆಳಕು ಬಿದ್ದರೂ ಕಾಗದ ಬಿಳಿಯಾಗಿಯೇ ಕಾಣುತ್ತದೆ. ಚಿತ್ರ ಒಳಗೆ ಅಡಗಿರುತ್ತದೆ. ಆ ಅಡಗಿದ ಚಿತ್ರವನ್ನು ಕಪ್ಪು ಬೆಳ್ಳಿಯಾಗಿ ಹೊರಗೆ ಕರೆಯುವ ನೀರೇ ಡೆವಲಪರ್. ಇಂಗ್ಲೆಂಡಿನ ಟಾಲ್ಬಟ್ 1840ರಲ್ಲಿ ಇದನ್ನು ಕಂಡುಕೊಂಡಾಗ ಅವನು ಬಳಸಿದ್ದು ಗ್ಯಾಲಿಕ್ ಆಮ್ಲ. ಅದು ಓಕ್ ಜಾತಿಯ ಮರದ ಮೇಲೆ ಹುಳು ಕಡಿದಲ್ಲಿ ಬೆಳೆಯುವ ಗಂಟುಕಾಯಿಯಿಂದ ಸಿಗುತ್ತಿತ್ತು. ಆ ಕಾಯಿ ನಮಗೆ ಹೊಸತಲ್ಲ. ಎಳೆಮಕ್ಕಳಿಗೆ ಬಜೆ, ಅಳಲೆಕಾಯಿಯ ಜೊತೆ ಅಜ್ಜಿಯಂದಿರು ಸಾಣೆಕಲ್ಲಿನ ಮೇಲೆ ತೇಯ್ದು ನೆಕ್ಕಿಸುವ ಮಾಚಿಕಾಯಿ ಅದೇ. ಕಾಗದದ ಫೋಟೋ ಹುಟ್ಟಿದ್ದೂ ಬಾಣಂತಿ ಕೋಣೆಯ ಔಷಧಿಯಿಂದ ಎಂದು ತಿಳಿದಾಗ ನನಗೆ ಒಳಗೊಳಗೇ ಖುಷಿಯಾಗಿತ್ತು.

ಆದರೆ ಮುಂದಿನ ಔಷಧಿಗಳು ಅಷ್ಟು ಸೌಮ್ಯವಲ್ಲ. ಅದಕ್ಕೆ ಒಂದು ವರ್ಷ ಮೊದಲೇ, 1839ರಲ್ಲಿ, ಫ್ರಾನ್ಸಿನ ಡಗೇರ್ ತಾಮ್ರದ ತಗಡಿನ ಮೇಲೆ ಚಿತ್ರ ಬರಿಸಲು ಕಾಯಿಸಿದ ಪಾದರಸದ ಹಬೆಯನ್ನು ಬಳಸುವ ವಿಧಾನವನ್ನು ಲೋಕಕ್ಕೆ ತಿಳಿಸಿದ್ದ. 1851ರಲ್ಲಿ ಆರ್ಚರ್ ಎಂಬಾತನ ಗಾಜಿನ ಹಲಗೆಯ ವಿಧಾನದೊಂದಿಗೆ ಪೈರೊಗ್ಯಾಲಾಲ್ ಬಂತು. ಅದು ವಿಷ, ಬೆರಳನ್ನು ಕಂದು ಕಪ್ಪಾಗಿಸುವುದರಲ್ಲಿ ಎತ್ತಿದ ಕೈ. 1880ರಲ್ಲಿ ಇಂಗ್ಲೆಂಡಿನ ಆಬ್ನಿ ಹೈಡ್ರೋಕ್ವಿನೋನಿನ ಡೆವಲಪರ್ ಗುಣವನ್ನು ಕಂಡುಹಿಡಿದ. ಇದು ಗಟ್ಟಿ ಕಪ್ಪು ಕೊಡುತ್ತದೆ, ಆದರೆ ಸೋಮಾರಿ. ನೀರು ತಣ್ಣಗಿದ್ದರೆ ಕೆಲಸಕ್ಕೇ ಏಳುವುದಿಲ್ಲ. 1891ರಲ್ಲಿ ಜರ್ಮನಿಯ ರಸಾಯನಜ್ಞ ಬೋಗಿಶ್ ಮೆಟಾಲನ್ನು ಕಂಡುಹಿಡಿದ. ಇದು ಚುರುಕು. ಕಾಗದ ಮುಳುಗಿದ ಕೆಲವೇ ಕ್ಷಣಗಳಲ್ಲಿ ಕಣ್ಣು, ಮೂಗು, ಮುಗುಳ್ನಗೆ ಎಲ್ಲವನ್ನೂ ತೆಳುವಾಗಿ ತೋರಿಸಿಬಿಡುತ್ತದೆ. ಆದರೆ ಕಪ್ಪಿನ ಗಟ್ಟಿತನ ಅದರಿಂದ ಆಗದು.

ಎರಡನ್ನೂ ಬೆರೆಸಿದಾಗ ಆದದ್ದು ಸೋಜಿಗ. ಎರಡೂ ಬೇರೆಬೇರೆಯಾಗಿ ಮಾಡುವ ಕೆಲಸವನ್ನು ಕೂಡಿಸಿದರೆ ಎಷ್ಟಾಗುತ್ತದೋ, ಅದಕ್ಕಿಂತ ಹೆಚ್ಚು ಕೆಲಸ ನಡೆಯಿತು. ಮೆಟಾಲ್ ಮುಂದೆ ನುಗ್ಗಿ ಕೆಲಸ ಮಾಡಿ ದಣಿಯುತ್ತದೆ. ಹೈಡ್ರೋಕ್ವಿನೋನ್ ಹಿಂದಿನಿಂದ ಬಂದು ಅದನ್ನು ಮತ್ತೆ ಚೇತರಿಸಿ ನಿಲ್ಲಿಸುತ್ತದೆ. ಹೊಂದಿಕೊಂಡ ಓರಗಿತ್ತಿಯರ ಮನೆ ಹಾಗೆ ಎನ್ನಿ. ಕಪ್ಪು ಬಿಳುಪು ಕಾಗದ ತೊಳೆಯುವ ಸ್ಟುಡಿಯೋಗಳೆಲ್ಲ ಮುಂದೆ ಬಹುಕಾಲ ಬಾಳಿದ್ದು ಈ ಜೋಡಿಯ ಮೇಲೆಯೇ. ಮಾವನವರ ಗೋಡೆಯ ಮೇಲೂ ಆ ಪೈಕಿ ಬಹಳ ಹೆಸರಾದ ಡಿ-72 ಎಂಬ ಪಾಕ ಬರೆದು ಅಂಟಿಸಿತ್ತು. ಒಂದು ಲೀಟರಿಗೆ ಮೆಟಾಲ್ 3 ಗ್ರಾಂ, ಸೋಡಿಯಂ ಸಲ್ಫೈಟ್ 45, ಹೈಡ್ರೋಕ್ವಿನೋನ್ 12, ಸೋಡಿಯಂ ಕಾರ್ಬೊನೇಟ್ 80, ಪೊಟ್ಯಾಸಿಯಂ ಬ್ರೋಮೈಡ್ 2 ಗ್ರಾಂ. ಸಲ್ಫೈಟ್ ಗಾಳಿಗೆ ಕೆಡದಂತೆ ಕಾಯಲು, ಕಾರ್ಬೊನೇಟ್ ಕ್ಷಾರ ಕೊಟ್ಟು ಕೆಲಸ ಏಳಿಸಲು, ಬ್ರೋಮೈಡ್ ಬಿಳಿ ಜಾಗ ಮಾಸದಂತೆ ತಡೆಯಲು.

ತೂಗಿ ಬೆರೆಸುವವರು ಮಾವ. ಹದ ನೋಡುವವರು ಅತ್ತೆ. ಚಳಿಗಾಲದ ಮಲೆನಾಡಿನ ಬೆಳಗ್ಗೆ ಹೈಡ್ರೋಕ್ವಿನೋನ್ ಮುದುಡಿ ಮಲಗಿದರೆ, ಬಚ್ಚಲ ಹಂಡೆಯ ಬಿಸಿನೀರನ್ನು ದೊಡ್ಡ ತಟ್ಟೆಗೆ ಸುರಿದು ಅದರೊಳಗೆ ಟ್ರೇ ಇಡುತ್ತಿದ್ದರು. ಮುಖದ ಭಾಗ ಬೇಗ ಬರಲಿಲ್ಲವೆಂದರೆ ಕಾಗದದ ಮೇಲೆ ಬೆರಳಿಟ್ಟು ಮೃದುವಾಗಿ ಉಜ್ಜುತ್ತಿದ್ದರು. ಮೈ ಬಿಸಿಗೆ ಆ ಜಾಗ ಕಪ್ಪೇರುತ್ತಿತ್ತು. ಸಂಜೆ ಹೊತ್ತಿಗೆ ನೀರು ಸೋತರೆ ಇನ್ನರ್ಧ ನಿಮಿಷ ಹೆಚ್ಚು ಬಿಡುತ್ತಿದ್ದರು. ಗಡಿಯಾರ ಇಲ್ಲ, ಪುಸ್ತಕ ಇಲ್ಲ. ಚಿಮಟ ಇತ್ತು, ಆದರೆ ಕಾಗದಕ್ಕೆ ಗೀರು ಬೀಳುತ್ತದೆಂದು ಅದನ್ನು ಬಳಸುತ್ತಿರಲಿಲ್ಲ.

ಅಲ್ಲೇ ಇತ್ತು ಅಪಾಯ. ಮೆಟಾಲ್ ಎಲ್ಲರ ಚರ್ಮಕ್ಕೂ ಆಗದೆಂದಲ್ಲ. ಕೆಲವರು ಜೀವಮಾನವಿಡೀ ಕೈ ಅದ್ದಿದರೂ ಏನೂ ಆಗದು. ಮಾವನವರು ಆ ಪೈಕಿ. ಕೆಲವರಿಗೆ ಮಾತ್ರ ಒಂದು ದಿನ ಮೈ ಅದರ ಮೇಲೆ ತಿರುಗಿ ಬೀಳುತ್ತದೆ. ಒಮ್ಮೆ ಹಾಗಾಯಿತೆಂದರೆ ಮುಗಿಯಿತು. ಆಮೇಲೆ ನಾಲ್ಕು ಹನಿ ತಾಗಿದರೂ ತುರಿಕೆ, ಗುಳ್ಳೆ, ಸೀಳು. ಹೊರದೇಶಗಳ ಕತ್ತಲೆ ಕೋಣೆಗಳಲ್ಲಿ ಈ ಕಾಯಿಲೆ ಬಹಳ ಹಿಂದೆಯೇ ಗೊತ್ತಿತ್ತು. ನಮ್ಮ ಹಿತ್ತಿಲಿಗೆ ಆ ಸುದ್ದಿ ಬಂದಿರಲಿಲ್ಲ, ಅಷ್ಟೆ.

ಇನ್ನು ಯಂತ್ರದ ವಿಷಯ. ಫೋಟೋ ಕಾಗದವನ್ನು ಯಂತ್ರದಲ್ಲಿ ತೊಳೆಯುವುದು ನಾವು ತಿಳಿದಷ್ಟು ಹೊಸದಲ್ಲ. ಬರ್ಲಿನ್ನಿನಲ್ಲಿ 1894ರಲ್ಲಿ ಶುರುವಾದ ಒಂದು ಕಂಪೆನಿ ಬ್ರೋಮೈಡ್ ಕಾಗದವನ್ನು ಸೀರೆಯ ಥಾನಿನಂತೆ ಸುರುಳಿ ಸುರುಳಿಯಾಗಿ ಯಂತ್ರಕ್ಕೆ ಬಿಟ್ಟು ಚಿತ್ರ ಅಚ್ಚು ಮಾಡಿ, ತೊಳೆದು, ಕತ್ತರಿಸಿ ಮಾರುತ್ತಿತ್ತು. ಅದಕ್ಕೆ ‘ಕಿಲೋಮೀಟರ್ ಫೋಟೋಗ್ರಫಿ’ ಎಂದೇ ಹೆಸರು ಬಿತ್ತು. ನಾಟಕದ ನಟಿಯರ ಚಿತ್ರವಿದ್ದ ಪೋಸ್ಟ್‌ಕಾರ್ಡುಗಳು ಯುರೋಪಿನ ಹೆಂಗಸರ ಆಲ್ಬಮ್ಮುಗಳನ್ನು ಸೇರಿದ್ದು ಇಂಥ ಯಂತ್ರಗಳಿಂದಲೇ. ಆಮೇಲೆ ಆಸ್ಪತ್ರೆಗಳು ಯಂತ್ರವನ್ನು ಮುಂದೆ ನೂಕಿದವು. 1942ರಲ್ಲಿ ಅಮೆರಿಕದಲ್ಲಿ ಎಕ್ಸ್‌ರೇ ಫಿಲ್ಮು ತೊಳೆಯುವ ಯಂತ್ರ ಬಂತು. ಅದು ಫಿಲ್ಮನ್ನು ಕೊಕ್ಕೆಗೆ ನೇತುಹಾಕಿ ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಒಯ್ಯುತ್ತಿತ್ತು. 1956ರಲ್ಲಿ ಕೊಡಾಕ್ ಕಂಪೆನಿ ಕೊಕ್ಕೆ ಬಿಟ್ಟು ರೋಲರುಗಳ ಸಾಲನ್ನೇ ಮಾಡಿತು. ಒಂದು ಕಡೆಯಿಂದ ತೂರಿಸಿದ ಹಾಳೆ ರೋಲರುಗಳ ನಡುವೆ ಹಾವಿನಂತೆ ಮೇಲೆ ಕೆಳಗೆ ಹರಿದು ಇನ್ನೊಂದು ಕಡೆ ಒಣಗಿ ಬೀಳುತ್ತಿತ್ತು. 1965ರ ಹೊತ್ತಿಗೆ ಇಡೀ ಕೆಲಸ 90 ಸೆಕೆಂಡಿಗೆ ಇಳಿಯಿತು. ಇತ್ತ 1970ರ ದಶಕದಲ್ಲಿ ಎರಡೂ ಕಡೆ ತೆಳು ಪ್ಲಾಸ್ಟಿಕ್ ಲೇಪಿಸಿದ ಫೋಟೋ ಕಾಗದ ಬಳಕೆಗೆ ಬಂತು. ಹಳೆಯ ಕಾಗದ ಹತ್ತಿಯ ಬಟ್ಟೆಯಂತೆ ನೀರು ಕುಡಿಯುತ್ತಿತ್ತು, ಗಂಟೆಗಟ್ಟಲೆ ತೊಳೆಯಬೇಕು. ಇದು ನೈಲಾನ್ ಸೀರೆಯ ಹಾಗೆ. ಕೆಲವೇ ನಿಮಿಷದಲ್ಲಿ ತೊಳೆದು ಒಣಗಿಸಬಹುದು. ಕಾಗದಕ್ಕೂ ರೋಲರ್ ಯಂತ್ರ ಹೊಂದಿದ್ದು ಹೀಗೆ.

ಅಂಥದೊಂದು ಹಳೆಯ ಯಂತ್ರ 1984ರಲ್ಲಿ ನಮ್ಮ ಮನೆಗೆ ಬಂತು. ಬೆಂಗಳೂರಿನ ಒಂದು ಲ್ಯಾಬಿನವರು ಕಲರಿಗೆ ಹೊರಳಿಕೊಂಡು ಕಪ್ಪು ಬಿಳುಪಿನ ಯಂತ್ರವನ್ನು ಮಾರಲಿಟ್ಟಿದ್ದರು. ಸಾಲ ಮಾಡಿ ತಂದವರು ನಮ್ಮ ಯಜಮಾನರು. ಶಾಲೆಗಳ ಗ್ರೂಪ್ ಫೋಟೋ, ಬಸ್ ಪಾಸಿನ ಚಿಕ್ಕ ಫೋಟೋ, ಇವು ನೂರುಗಟ್ಟಲೆ ಬೇಕಾಗುತ್ತಿದ್ದ ಕಾಲ. “ಇನ್ನು ಅಮ್ಮ ಕೈ ಅದ್ದುವುದು ಬೇಡ” ಎಂದೂ ಅವರು ಹೇಳಿದ್ದರು. ಅತ್ತೆ ಯಂತ್ರಕ್ಕೆ ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಮೊದಲನೆಯ ಸಲ ಗಿರಾಕಿಯ ಹಾಗೆ ದೂರ ನಿಂತು ನೋಡಿದರು.

ಮಾವ ಯಂತ್ರದ ತೊಟ್ಟಿಗೆ ತಮ್ಮ ಗೋಡೆಯ ಪಾಕವನ್ನೇ ತುಂಬಿಸಿದರು. ನಲವತ್ತು ವರ್ಷದ ನಂಬಿಕೆ ಅದು. ಮೊದಲ ದಿನ ಬೆಳಗ್ಗೆ ಬಂದ ಫೋಟೋಗಳು ಚೆನ್ನಾಗಿದ್ದವು. ಮಧ್ಯಾಹ್ನಕ್ಕೆ ಸ್ವಲ್ಪ ಪೇಲವ. ಸಂಜೆಗೆ ಹೈಸ್ಕೂಲು ಹುಡುಗಿಯರ ಎರಡು ಜಡೆಯೂ ಬೂದಿ ಬಣ್ಣ. ಯಜಮಾನರು ಯಂತ್ರದ ಮೋಟಾರನ್ನು ಬೈದರು. ಮಾವ ಪ್ಲಾಸ್ಟಿಕ್ ಕಾಗದವನ್ನು ಬೈದರು. ಅತ್ತೆ ಮಾತ್ರ, “ನೀರು ಸೋತಿದೆ. ಟ್ರೇ ಆಗಿದ್ದರೆ ಇನ್ನೊಂದು ಚೂರು ಹೊತ್ತು ಬಿಡುತ್ತಿದ್ದೆ. ಇದಕ್ಕೆ ಹೇಳಿದರೆ ಕೇಳುತ್ತದೆಯೇ?” ಎಂದರು.

ಆ ಮಾತಿನಲ್ಲೇ ಎಲ್ಲ ಇತ್ತು. ಟ್ರೇಯಲ್ಲಿ ಹೊತ್ತು ನಮ್ಮ ಕೈಯಲ್ಲಿರುತ್ತದೆ. ಯಂತ್ರದಲ್ಲಿ ರೋಲರಿನ ವೇಗವೇ ಹೊತ್ತು. ಆದ್ದರಿಂದ ಯಂತ್ರಕ್ಕೆ ಬೇಕಾದ್ದು ಬೆಳಗ್ಗೆ ಇದ್ದಂತೆಯೇ ಸಂಜೆಯೂ ಇರುವ ಡೆವಲಪರ್. ಬೆಳ್ಳಿಯ ಲವಣ ಕಪ್ಪು ಬೆಳ್ಳಿಯಾಗುವಾಗ ಅದರಿಂದ ಬ್ರೋಮೈಡ್ ಬಿಡುಗಡೆಯಾಗಿ ನೀರಿಗೆ ಸೇರುತ್ತದೆ. ಸೇರಿದಷ್ಟೂ ಮೆಟಾಲ್ ಮಂಕಾಗುತ್ತದೆ. ಜೊತೆಗೆ ತಿರುಗುವ ರೋಲರುಗಳು ನೀರನ್ನು ಎತ್ತಿ ಎತ್ತಿ ಗಾಳಿಗೆ ಒಡ್ಡುವುದರಿಂದ ಟ್ರೇಯಲ್ಲಿ ಕೆಡುವುದಕ್ಕಿಂತ ಬೇಗ ಕೆಡುತ್ತದೆ. ಇಷ್ಟು ಕಾಗದ ಹೋದರೆ ಇಷ್ಟು ಹೊಸ ನೀರು ಎಂದು ಲೆಕ್ಕ ಹಾಕಿ ಸೇರಿಸುತ್ತಾ, ಹಳೆಯದನ್ನು ಅಷ್ಟೇ ಹೊರಗೆ ಬಿಡುತ್ತಾ ಇರಬೇಕು. ಹೆಪ್ಪಿನ ಮೊಸರನ್ನು ದಿನದಿನಕ್ಕೆ ಉಳಿಸಿಕೊಂಡು ಹೋಗುವ ಹಾಗೆ. ಆ ಲೆಕ್ಕಕ್ಕೂ ಮೆಟಾಲ್ ಸುಲಭವಾಗಿ ಒಗ್ಗದು.

ಇದಕ್ಕಿಂತ ದೊಡ್ಡ ತೊಂದರೆ ರಾತ್ರಿ ಕಾದಿತ್ತು. ಕೆಟ್ಟ ಡೆವಲಪರ್ ರೋಲರುಗಳ ಮೇಲೆ ಕಂದು ಜಿಡ್ಡಾಗಿ, ಅಂಚುಗಳಲ್ಲಿ ಉಪ್ಪಿನ ಹರಳಾಗಿ ಕೂರುತ್ತಿತ್ತು. ದಿನವೂ ಬಿಚ್ಚಿ ಉಜ್ಜದಿದ್ದರೆ ಮರುದಿನದ ಫೋಟೋಗಳಿಗೆಲ್ಲ ಗೆರೆ. ಉಜ್ಜುವವರು ಯಾರು? ಗಂಡಸರು ಯಂತ್ರ ನಿಲ್ಲಿಸಿ ಊಟಕ್ಕೆ ಕೂರುತ್ತಿದ್ದರು. ಅತ್ತೆ ಮತ್ತು ನಾನು ಹಿತ್ತಿಲ ಕಲ್ಲಿನ ಮೇಲೆ ರೋಲರುಗಳನ್ನಿಟ್ಟುಕೊಂಡು ಪಾತ್ರೆಯ ಜೊತೆಗೇ ತೊಳೆಯುತ್ತಿದ್ದೆವು. ಟ್ರೇಯಲ್ಲಿ ಮೂರು ಬೆರಳು ಅದ್ದುತ್ತಿದ್ದ ಅತ್ತೆ ಈಗ ಮೊಣಕೈವರೆಗೆ ಆ ಜಿಡ್ಡಿನಲ್ಲಿದ್ದರು. ಎರಡು ತಿಂಗಳಲ್ಲಿ ಅವರ ಕೈ ಅನ್ನ ಕಲಸಲಾರದಷ್ಟು ಒಡೆಯಿತು. ಚಮಚದಲ್ಲಿ ಉಣ್ಣುವುದಕ್ಕೆ ನಾಚಿ ಕಡೆಗೆ ಒಬ್ಬರೇ ಉಣ್ಣತೊಡಗಿದರು. ಒಂದು ದಿನ ನನ್ನ ಬೆರಳ ಸಂದಿನಲ್ಲೂ ತುರಿಕೆ ಶುರುವಾಯಿತು. ಪಿತ್ತದ ಮೈ ಅತ್ತೆಯಿಂದ ಸೊಸೆಗೆ ಬರುವುದಿಲ್ಲವಷ್ಟೆ! ಅಂದೇ ನನಗೆ ಗೂಡಿನ ಕಡೆ ಅನುಮಾನ ತಿರುಗಿದ್ದು.

ನಾನು ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದವಳು. ಮದುವೆಯಾದ ಮೇಲೆ ಆ ವಿದ್ಯೆ ಅಡುಗೆ ಸೋಡಾದ ಮಟ್ಟಕ್ಕೆ ಇಳಿದಿತ್ತು. ತವರಿಗೆ ಹೋದಾಗ ಶಿವಮೊಗ್ಗದಲ್ಲಿ ನನಗೆ ಕಲಿಸಿದ ಮೇಡಮ್ಮನ್ನು ಕಂಡು ಕೈ ತೋರಿಸಿದೆ. ಅವರು ಕಾಲೇಜು ಲೈಬ್ರರಿಯಿಂದ ಎರಡು ದಪ್ಪ ಪುಸ್ತಕ ತೆಗೆಸಿಕೊಟ್ಟರು. ಮೆಟಾಲಿನ ತುರಿಕೆಯ ಬಗ್ಗೆ ಓದುತ್ತಾ ನನಗೆ ಕಣ್ಣಲ್ಲಿ ನೀರು ಬಂತು. ಅತ್ತೆ ಇಷ್ಟು ವರ್ಷ ಹೊತ್ತ ಅಪವಾದಕ್ಕೆ ಅಲ್ಲಿ ಅರ್ಧ ಪುಟದ ಉತ್ತರ ಇತ್ತು. ಮುಂದಿನ ಪುಟದಲ್ಲೇ ಪರಿಹಾರವೂ ಇತ್ತು. ಅದರ ಹೆಸರು ಫಿನಿಡೋನ್.

ಇಂಗ್ಲೆಂಡಿನ ಇಲ್ಫರ್ಡ್ ಕಂಪೆನಿಯ ಪ್ರಯೋಗಾಲಯದಲ್ಲಿ ಕೆಂಡಾಲ್ ಎಂಬ ರಸಾಯನಜ್ಞ 1940ರಲ್ಲಿ ಅದರ ಗುಣ ಕಂಡುಕೊಂಡಿದ್ದ. ತಯಾರಿಸುವುದು ಕಷ್ಟವಿದ್ದದ್ದರಿಂದ ಅದು ಮಾರುಕಟ್ಟೆಗೆ ಬಂದದ್ದು 1950ರ ದಶಕದಲ್ಲಿ. ಮೆಟಾಲ್ ಮಾಡುವ ಕೆಲಸವನ್ನೇ ಮಾಡುತ್ತದೆ, ಹೈಡ್ರೋಕ್ವಿನೋನಿನ ಜೊತೆ ಅಷ್ಟೇ ಹೊಂದಿಕೊಳ್ಳುತ್ತದೆ. ತೂಕದಲ್ಲಿ ಮೆಟಾಲಿನ ಹತ್ತನೇ ಒಂದು ಭಾಗದಷ್ಟು ಸಾಕು. ಬ್ರೋಮೈಡ್ ಸೇರಿದರೂ ಹೆಚ್ಚು ಮಂಕಾಗುವುದಿಲ್ಲ. ಅಂದರೆ ಯಂತ್ರಕ್ಕೆ ಹೇಳಿ ಮಾಡಿಸಿದ್ದು. ಚರ್ಮಕ್ಕೆ ತೊಂದರೆ ಕೊಡುವುದು ಬಹಳ ಅಪರೂಪ. ದೋಷವಿಲ್ಲವೆಂದಲ್ಲ. ತಣ್ಣೀರಿನಲ್ಲಿ ಕರಗದು, ಬಿಸಿನೀರು ಬೇಕು. ಬಿಳಿ ಜಾಗ ಮಾಸದಂತೆ ತಡೆಯಲು ಇದಕ್ಕೆ ಬ್ರೋಮೈಡ್ ಒಂದೇ ಸಾಲದು, ಬೆಂಜೊಟ್ರಯಜೋಲ್ ಎಂಬ ಇನ್ನೊಂದು ಪುಡಿ ಚಿಟಿಕೆಯಷ್ಟು ಬೇಕು. ಅದರಿಂದ ಕಪ್ಪಿಗೆ ತುಸು ನೀಲಿ ಛಾಯೆ ಬರುತ್ತದೆ.

ಮನೆಗೆ ಬಂದು ಮಾವನವರ ಮುಂದೆ ಹೇಳುವುದೇ ದೊಡ್ಡ ಪರೀಕ್ಷೆಯಾಯಿತು. ಅವರು ಬೈಯುವವರಲ್ಲ. ಸುಮ್ಮನೆ ಕೇಳಿಕೊಂಡು, “ನಲವತ್ತು ವರ್ಷದಿಂದ ಇಲ್ಲದ ದೋಷ ಈಗ ಎಲ್ಲಿಂದ ಬಂತಮ್ಮಾ?” ಎಂದರು.

“ಇತ್ತು ಮಾವ. ನಾವು ಅದಕ್ಕೆ ಅತ್ತೆಯ ಮೈ ಅಂತ ಹೆಸರಿಟ್ಟಿದ್ದೆವು” ಎಂದೆ. ಹೇಳಿದ ಮೇಲೆ ನನಗೇ ಕಾಲು ನಡುಗಿತು.

ಅವರು ಎದ್ದು ಕತ್ತಲೆ ಕೋಣೆಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಮರುದಿನ ಯಜಮಾನರ ಕೈಯಲ್ಲಿ ಬೆಂಗಳೂರಿಗೆ ಕಾಗದ ಬರೆಸಿದರು. ಫಿನಿಡೋನ್ ಪಾರ್ಸೆಲಿನಲ್ಲಿ ಬಂದಾಗ ಡಬ್ಬಿಯ ಮೇಲೆ ಅವರೇ ತಮ್ಮ ಮುದ್ದಾದ ಅಕ್ಷರದಲ್ಲಿ ಚೀಟಿ ಬರೆದು ಅಂಟಿಸಿದರು.

ಹಂಡೆಯ ನೀರು ಮತ್ತೆ ಕೆಲಸಕ್ಕೆ ಬಂತು. ಹೊಸ ಪಾಕ ತುಂಬಿಸಿದ ದಿನ ಬೆಳಗ್ಗೆ ಮೊದಲನೆಯ ಹಾಳೆಯನ್ನೂ ಸಂಜೆ ಕೊನೆಯ ಹಾಳೆಯನ್ನೂ ಪಕ್ಕ ಪಕ್ಕ ಇಟ್ಟು ನೋಡಿದೆವು. ಜಡೆಗಳು ಎರಡರಲ್ಲೂ ಕಪ್ಪಗಿದ್ದವು. ರೋಲರಿನ ಜಿಡ್ಡೂ ಕಡಿಮೆಯಾಯಿತು. ತೊಟ್ಟಿಗೆ ರಾತ್ರಿ ಮುಚ್ಚಳ ಹಾಕುವುದನ್ನು, ಹಾಳೆ ಎಣಿಸಿ ಹೊಸ ನೀರು ಸೇರಿಸುವುದನ್ನು ನಾನು ರೂಢಿ ಮಾಡಿಸಿದೆ. ಅತ್ತೆಗೂ ನನಗೂ ಎರಡೆರಡು ಜೊತೆ ರಬ್ಬರ್ ಕೈಚೀಲ ತರಿಸಿದೆ. ಏಕೆಂದರೆ ಹೈಡ್ರೋಕ್ವಿನೋನೂ ಕ್ಷಾರವೂ ಸಾಧುಗಳೇನಲ್ಲ.

ಮಾವನವರಿಗೆ ಮಾತ್ರ ಆ ನೀಲಿ ಛಾಯೆ ಹಿಡಿಸಲಿಲ್ಲ. “ಮುಖದಲ್ಲಿ ರಕ್ತವೇ ಇಲ್ಲ” ಎನ್ನುತ್ತಿದ್ದರು. ಅವರ ಮಾತು ಸುಳ್ಳಲ್ಲ. ಹಳೆಯ ಕಾಗದದ ಮೇಲೆ ಅವರ ಪಾಕ ಕೊಡುತ್ತಿದ್ದ ಬಿಸುಪು ಇದರಲ್ಲಿ ಇರಲಿಲ್ಲ. ಒಂದು ಒಳ್ಳೆಯದಕ್ಕೆ ಇನ್ನೊಂದು ಒಳ್ಳೆಯದನ್ನು ಬಿಟ್ಟುಕೊಟ್ಟೆವು. ಮದುವೆಯ ದೊಡ್ಡ ಫೋಟೋಗಳನ್ನು ಮಾತ್ರ ಅವರು ಮೊದಲಿನಂತೆ ಟ್ರೇಯಲ್ಲೇ, ಮೆಟಾಲಿನಲ್ಲೇ ಮಾಡಿದರು. ಒಂದೇ ವ್ಯತ್ಯಾಸ, ಆ ಟ್ರೇಗಳನ್ನು ಇನ್ನುಮೇಲೆ ತಾವೇ ತೊಳೆದು ಬೋರಲು ಹಾಕುತ್ತಿದ್ದರು. ಯಾರೂ ಹೇಳಿರಲಿಲ್ಲ.

ಅತ್ತೆಯ ಕೈ ಪೂರ್ತಿ ವಾಸಿಯಾಗಲು ಒಂದು ವರ್ಷಕ್ಕೆ ಹತ್ತಿರ ಹಿಡಿಯಿತು. ಮುಂದಿನ ಶ್ರಾವಣದಲ್ಲಿ ಪಕ್ಕದ ಮನೆಯ ಮಂಗಳಗೌರಿಗೆ ಅವರು ನನ್ನ ಜೊತೆ ಹೊರಟರು. ಅರಿಸಿನ ಹಚ್ಚಿಕೊಳ್ಳಲು ಎರಡೂ ಕೈ ಮುಂದೆ ಚಾಚಿದರು. ಆ ಮನೆಯಾಕೆ ಒಂದು ಕ್ಷಣ ಅನುಮಾನಿಸಿ, ನೋಡಿ, ಆಮೇಲೆ ಹಚ್ಚಿದರು. ದಾರಿಯಲ್ಲಿ ಅತ್ತೆ ಏನೂ ಮಾತಾಡಲಿಲ್ಲ. ಮನೆಗೆ ಬಂದ ಮೇಲೆ ಆ ದಿನ ಕೈ ತೊಳೆಯದೆ ಹಾಗೇ ಜಗಲಿಯಲ್ಲಿ ಕೂತಿದ್ದರು.

ಕಪ್ಪು ಬಿಳುಪಿನ ಕಾಲ ನಮ್ಮ ಊರಿನಲ್ಲಿ ಬಹಳ ದಿನ ಉಳಿಯಲಿಲ್ಲ. ಕಲರ್ ಬಂತು, ಆಮೇಲೆ ಕಾಗದವೇ ಬೇಡದ ಕಾಲ ಬಂತು. ಮಾವ ಹೋದರು, ಅತ್ತೆಯೂ ಹೋದರು. ಯಂತ್ರವನ್ನು ಗುಜರಿಯವನಿಗೆ ತೂಕಕ್ಕೆ ಕೊಟ್ಟೆವು. ಇಂಗ್ಲೆಂಡಿನಲ್ಲಿ ಕಪ್ಪು ಬಿಳುಪಿನ ಕಾಗದವನ್ನೂ ಅದರ ಡೆವಲಪರನ್ನೂ ಇಂದಿಗೂ ತಯಾರಿಸುತ್ತಾರೆ. ಹವ್ಯಾಸದ ಹುಡುಗ ಹುಡುಗಿಯರು ಕೊಳ್ಳುತ್ತಾರಂತೆ. ಕಳೆದ ವರ್ಷ ನನ್ನ ಮೊಮ್ಮಗಳು ಹಾಗೇ ಒಂದಿಷ್ಟು ತರಿಸಿ ಬಚ್ಚಲಮನೆಯಲ್ಲಿ ಟ್ರೇ ಹೂಡಿದಳು. ಯಾವ ಡೆವಲಪರ್ ಒಳ್ಳೆಯದು ಎಂದು ನನ್ನನ್ನು ಕೇಳಿದಳು. ಕಪ್ಪು ಹೇಗೆ ಬರುತ್ತದೆ, ಎಷ್ಟು ದಿನ ಬಾಳುತ್ತದೆ, ಬೆಲೆ ಎಷ್ಟು ಎಂಬುದೆಲ್ಲ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನಾನು ಕನ್ನಡಕ ಹಾಕಿಕೊಂಡು ಬಾಟಲಿಯ ಹಿಂದಿನ ಚಿಕ್ಕ ಅಕ್ಷರ ಓದಿದೆ. ಆಮೇಲೆ, “ಕೆಲಸ ಮುಗಿದ ಮೇಲೆ ಇದನ್ನೆಲ್ಲ ತೊಳೆಯುವವರು ಯಾರು?” ಎಂದು ಕೇಳಿದೆ.

“ನಾನೇ, ಅಜ್ಜಿ” ಎಂದಳು.

“ಹಾಗಾದರೆ ಮೊದಲು ಕೈಚೀಲ ತಾ” ಎಂದೆ.